ಎರಡನೇ ಕ್ವಾರ್ಟರ್‌ಬ್ಯಾಕ್‌ನನ್ನು ನೋಡಿ ಆಟ ಕಟ್ಟಿದ್ದು

ಅಮೆರಿಕದ ಒಹಾಯೋದ ಒಂದು ಸಣ್ಣ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ನಾನು ಅಫೆನ್ಸ್, ಅಂದರೆ ಚೆಂಡು ಹಿಡಿದು ಮುಂದೆ ಸಾಗುವ ಕಡೆಯ ಸಹಾಯಕ ಕೋಚ್. ಓದಲು ಮೈಸೂರಿನಿಂದ ಬಂದವನು. ಕೈಖರ್ಚಿಗೆ ಅಂತ ತಂಡದ ವಿಡಿಯೊ ಕತ್ತರಿಸುವ ಕೆಲಸಕ್ಕೆ ಸೇರಿದೆ, ಅಲ್ಲೇ ಉಳಿದುಬಿಟ್ಟೆ. ನಮ್ಮದು ಡಿವಿಷನ್ ತ್ರೀ, ಕಾಲೇಜು ಕ್ರೀಡೆಯ ಮೂರನೇ ದರ್ಜೆ. ಆಟ ಚೆನ್ನಾಗಿದೆ ಅಂತ ಸ್ಕಾಲರ್‌ಶಿಪ್ ಕೊಡುವ ಹಾಗಿಲ್ಲ. ದೊಡ್ಡ ಯೂನಿವರ್ಸಿಟಿಗಳ ಥರ ಬೇಕಾದ ಹುಡುಗನನ್ನೇ ಹುಡುಕಿ ತರುವ ಯೋಗ ನಮಗಿಲ್ಲ, ಬಂದವರನ್ನು ನೋಡಿಕೊಂಡು ಆಟ ಕಟ್ಟಬೇಕು.

ಈ ಆಟ ನೋಡದವರಿಗೆ ಎರಡು ಮಾತು. ಪ್ರತಿ ಸಲ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಅವನು ಎಸೆಯಬಹುದು, ಪಕ್ಕದ ರನ್ನಿಂಗ್ ಬ್ಯಾಕ್‌ಗೆ ಕೊಡಬಹುದು, ಇಲ್ಲವೇ ತಾನೇ ಓಡಬಹುದು. ಯಾವುದು ಜಾಸ್ತಿ ಅನ್ನುವುದರ ಮೇಲೆ ತಂಡದ ಶೈಲಿ ನಿಲ್ಲುತ್ತದೆ. ಕೋಚ್‌ಗಳಾದ ಹ್ಯಾಲ್ ಮಮಿ ಮತ್ತು ಮೈಕ್ ಲೀಚ್ ಬೆಳೆಸಿದ ಏರ್ ರೇಡ್‌ನಲ್ಲಿ ಎಸೆತವೇ ಎಲ್ಲ. ಪಾಲ್ ಜಾನ್ಸನ್ 2008ರಿಂದ 2018ರವರೆಗೆ ಜಾರ್ಜಿಯಾ ಟೆಕ್‌ನಲ್ಲಿ ಆಡಿಸಿದ ಟ್ರಿಪಲ್ ಆಪ್ಷನ್‌ನಲ್ಲಿ ಎಸೆತ ಅಪರೂಪ, ಓಟವೇ ಊಟ.

ಆ ವರ್ಷ ನಮ್ಮ ಹತ್ತಿರ ಇಬ್ಬರು ಹುಡುಗರಿದ್ದರು. ಒಬ್ಬ ಕೊನೇ ವರ್ಷದವನು. ಎತ್ತರ, ಭುಜದಲ್ಲಿ ಒಳ್ಳೆ ಬಲ, ಆದರೆ ಓಡಿದರೆ ನಮಗೇ ಭಯ. ಇನ್ನೊಬ್ಬ ಎರಡನೇ ವರ್ಷದವನು. ಗಿಡ್ಡ, ಚುರುಕು, ಎಡಗೈ. ಹೆಡ್ ಕೋಚ್‌ಗೆ ದೊಡ್ಡವನ ಕೈ ನೋಡಿ ಏರ್ ರೇಡ್ ಆಸೆ. ಮುಂದಿನ ಸಾಲಿನಲ್ಲಿ ನಿಂತು ಎದುರಾಳಿಗಳನ್ನು ತಡೆಯುವ ಲೈನ್‌ಮನ್‌ಗಳ ಕೋಚ್‌ಗೆ ಓಟವೇ ಬೇಕು. ಲೆಕ್ಕ ತೋರಿಸು ಅಂತ ನನ್ನ ಕಡೆ ತಿರುಗಿದರು.

ಮೊದಲು ನಾನು ಪಂದ್ಯದ ಅಂಕಿಅಂಶ ಬದಿಗಿಟ್ಟೆ. ಕಾಲೇಜು ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಎಸೆಯುವ ಮೊದಲೇ ಸಿಕ್ಕಿಬಿದ್ದರೆ ಆ ನಷ್ಟವನ್ನು ಅವನ ಓಟದ ಲೆಕ್ಕದಲ್ಲಿ ಕಳೆಯುತ್ತಾರೆ. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಹಾಗಲ್ಲ. ಹಾಗಾಗಿ ಹುಡುಗ ನಿಜಕ್ಕೂ ಎಷ್ಟು ಓಡಿದ ಅಂತ ಹಾಳೆ ನೋಡಿದರೆ ಗೊತ್ತೇ ಆಗುವುದಿಲ್ಲ. ವಿಡಿಯೊ ಹಾಕಿ ಎರಡನ್ನೂ ಬೇರೆ ಮಾಡಿದೆ. ಆಮೇಲೆ ಸ್ನ್ಯಾಪ್ (ಚೆಂಡನ್ನು ಹಿಂದಕ್ಕೆ ಕ್ವಾರ್ಟರ್‌ಬ್ಯಾಕ್ ಕೈಗೆ ಕೊಡುವುದು) ಆದ ಕ್ಷಣದಿಂದ ಚೆಂಡು ಕೈ ಬಿಡುವವರೆಗಿನ ಹೊತ್ತು ಅಳೆದೆ. ದೊಡ್ಡವನು ಎಸೆದರೆ ಚೆಂಡು ಬುಲೆಟ್ಟು, ಆದರೆ ಬಿಡುವ ಮುಂಚೆ ಇನ್ನೊಂದು ಸಲ ನೋಡುವ ಚಾಳಿ. ಚಿಕ್ಕವನ ಹಿಂದಿನ ಕಾಲು ನೆಲಕ್ಕೆ ಊರುವಷ್ಟರಲ್ಲಿ ಚೆಂಡು ಹೋಗಿರುತ್ತಿತ್ತು.

ಚಿಕ್ಕವನ ಕೊರತೆ ಕಂಡಿದ್ದು ಅಗಲದಲ್ಲಿ. ಹ್ಯಾಷ್ ಅಂದರೆ ಮೈದಾನದ ಉದ್ದಕ್ಕೂ ಇರುವ ಎರಡು ಸಾಲು ಗುರುತು, ಆಟ ಶುರುವಾಗುವಾಗ ಚೆಂಡು ಇಡುವುದು ಅವುಗಳ ಮೇಲೆ ಅಥವಾ ನಡುವೆ. ಕಾಲೇಜು ಮೈದಾನದಲ್ಲಿ ಅವುಗಳ ನಡುವೆ 40 ಅಡಿ ಅಂತರ, ಎನ್‌ಎಫ್‌ಎಲ್‌ನಲ್ಲಿ 18 ಅಡಿ ಚಿಲ್ಲರೆ. ಚೆಂಡು ಒಂದು ಬದಿಯ ಹ್ಯಾಷ್ ಮೇಲಿದ್ದರೆ ಆಚೆ ಬದಿಯ ಅಂಚಿನ ಗೆರೆ 100 ಅಡಿ ದೂರ. ಆ ಕಡೆಗೆ 12 ಯಾರ್ಡ್‌ನ ಔಟ್ (ಚೆಂಡು ಹಿಡಿಯುವ ರಿಸೀವರ್ ಮುಂದೆ ಓಡಿ ಅಂಚಿನ ಗೆರೆಯ ಕಡೆ ತಿರುಗುವ ಪ್ಲೇ) ಎಸೆಯಬೇಕಾದರೆ ಚೆಂಡು ಗಾಳಿಯಲ್ಲಿ 30 ಯಾರ್ಡ್‌ಗೂ ಜಾಸ್ತಿ ಹೋಗಬೇಕು. ದೊಡ್ಡವನಿಗೆ ಅದು ನೀರು ಕುಡಿದಷ್ಟು ಸುಲಭ. ಚಿಕ್ಕವನು ಎಸೆದರೆ ಚೆಂಡು ತೇಲುತ್ತಿತ್ತು, ರಿಸೀವರ್‌ನನ್ನು ಕಾಯುವ ಎದುರಾಳಿ ಕಾರ್ನರ್‌ಬ್ಯಾಕ್ ಬಂದು ಕಿತ್ತುಕೊಳ್ಳುವಷ್ಟು.

ಮೊದಲ ಸ್ಥಾನ ದೊಡ್ಡವನಿಗೇ. ಅದರಲ್ಲಿ ಯಾರಿಗೂ ತಕರಾರಿರಲಿಲ್ಲ. ಆದರೆ ಶೈಲಿಯನ್ನು ಚಿಕ್ಕವನನ್ನು ನೋಡಿ ಆರಿಸೋಣ ಅಂದೆ. ಕೋಚ್ ನಕ್ಕರು. ನನ್ನ ವಾದ ಇಷ್ಟೇ: ಕ್ವಾರ್ಟರ್‌ಬ್ಯಾಕ್‌ಗೆ ಪೆಟ್ಟಾಗುವುದು ಈ ಆಟದಲ್ಲಿ ಮಾಮೂಲು. ಆಗ ಒಳಗೆ ಬರುವವನಿಗೆ ಗೊತ್ತಿಲ್ಲದ ಆಟ ನಮ್ಮದಾಗಿದ್ದರೆ ಉಳಿದ ಹತ್ತು ಜನರೂ ಹೊಸದಾಗಿ ಕಲಿಯಬೇಕು. ಅಷ್ಟು ಪ್ರಾಕ್ಟೀಸ್ ಹೊತ್ತು ಎಲ್ಲಿಂದ ತರುವುದು?

ಒಹಾಯೋದಲ್ಲಿ ಈ ಮಾತಿಗೆ ಉದಾಹರಣೆ ಹುಡುಕಬೇಕಿಲ್ಲ. 2014ರಲ್ಲಿ ಒಹಾಯೋ ಸ್ಟೇಟ್ ಯೂನಿವರ್ಸಿಟಿಯ ಕ್ವಾರ್ಟರ್‌ಬ್ಯಾಕ್ ಬ್ರ್ಯಾಕ್ಸ್‌ಟನ್ ಮಿಲ್ಲರ್ ಸೀಸನ್‌ಗೆ ಮೊದಲೇ ಗಾಯಗೊಂಡ. ಅವನ ಜಾಗಕ್ಕೆ ಬಂದ ಜೆ.ಟಿ. ಬ್ಯಾರೆಟ್‌ನ ಕಾಲಿಗೆ ಮಿಶಿಗನ್ ವಿರುದ್ಧ ಪೆಟ್ಟಾಯಿತು. ಮೂರನೆಯವನು ಕಾರ್ಡೇಲ್ ಜೋನ್ಸ್. ದೊಡ್ಡ ಆಳು, ದೂರದ ಎಸೆತ. ಆಟದ ಬುಡ ಬದಲಾಗಲಿಲ್ಲ. ರನ್ನಿಂಗ್ ಬ್ಯಾಕ್ ಇಜೀಕಿಯಲ್ ಎಲಿಯಟ್ ಓಟ ಹಾಗೇ ಇತ್ತು, ದೂರದ ಎಸೆತ ಹೆಚ್ಚಾಯಿತು ಅಷ್ಟೇ. ವಿಸ್ಕಾನ್ಸಿನ್ ವಿರುದ್ಧ 59-0, ಕೊನೆಗೆ ಆರೆಗಾನ್ ವಿರುದ್ಧ 42-20, ಚಾಂಪಿಯನ್. ಪಕ್ಕದ ಮಿಶಿಗನ್‌ನಲ್ಲಿ 2008ರಲ್ಲಿ ಆಗಿದ್ದು ಉಲ್ಟಾ. ಹೊಸ ಕೋಚ್ ರಿಚ್ ರಾಡ್ರಿಗಸ್ ಓಡುವ ಕ್ವಾರ್ಟರ್‌ಬ್ಯಾಕ್ ಬೇಕಾದ ಆಟ ತಂದರು, ಕೈಯಲ್ಲಿದ್ದವರು ನಿಂತು ಎಸೆಯುವವರು. 3 ಗೆಲುವು, 9 ಸೋಲು. ಅದೇ ಕೋಚ್ 2010ರಲ್ಲಿ ಓಡಬಲ್ಲ ಕ್ವಾರ್ಟರ್‌ಬ್ಯಾಕ್ ಡೆನಾರ್ಡ್ ರಾಬಿನ್ಸನ್ ಕೈಗೆ ಚೆಂಡು ಕೊಟ್ಟಾಗ ಅವನು 1,702 ಯಾರ್ಡ್ ಓಡಿದ. ಒಹಾಯೋದಲ್ಲಿ ಕೂತು ಮಿಶಿಗನ್ ಸೋಲಿನ ಕಥೆ ಹೇಳಿದರೆ ಯಾರಿಗೂ ಬೇಜಾರಾಗಲ್ಲ ಬಿಡಿ.

ಕೊನೆಗೆ ನಾವು ಇನ್‌ಸೈಡ್ ಝೋನ್ ಅನ್ನುವ ಒಂದೇ ಓಟವನ್ನು ಬುಡ ಮಾಡಿಕೊಂಡೆವು. ಲೈನ್‌ಮನ್‌ಗಳು ಎಲ್ಲರೂ ಒಂದೇ ಕಡೆಗೆ ಹೆಜ್ಜೆ ಹಾಕಿ ತಮ್ಮ ಜಾಗಕ್ಕೆ ಬಂದವನನ್ನು ತಳ್ಳುವ ಆಟ. ಚಿಕ್ಕವನು ಆಡುವಾಗ ಅದು ಝೋನ್ ರೀಡ್. ಓಟದ ವಿರುದ್ಧ ಬದಿಯಲ್ಲಿ, ಎದುರಾಳಿ ಸಾಲಿನ ತುದಿಯಲ್ಲಿ ನಿಂತ ಡಿಫೆನ್ಸಿವ್ ಎಂಡ್‌ನನ್ನು ಬೇಕಂತಲೇ ಯಾರೂ ತಡೆಯುವುದಿಲ್ಲ. ಚೆಂಡನ್ನು ರನ್ನಿಂಗ್ ಬ್ಯಾಕ್‌ನ ಹೊಟ್ಟೆಗೆ ಒತ್ತಿ ಹಿಡಿದು, ಕಣ್ಣು ಎಂಡ್‌ನ ಮೇಲಿಡಬೇಕು. ಅವನು ಒಳಗೆ ನುಗ್ಗಿದರೆ ಚೆಂಡು ಎಳೆದುಕೊಂಡು ಹೊರಗೆ ಓಡು. ನಿಂತರೆ ಬಿಟ್ಟುಕೊಡು. ದೊಡ್ಡವನು ಆಡುವಾಗ ಅದೇ ಓಟ ಆರ್‌ಪಿಒ (ರನ್-ಪಾಸ್ ಆಪ್ಷನ್, ಓಟವೋ ಎಸೆತವೋ ಅಂತ ಆಡುವಾಗಲೇ ಆರಿಸುವುದು) ಆಯಿತು. ನಮ್ಮ ಲೈನ್‌ಮನ್‌ಗಳಲ್ಲಿ ತುದಿಯವನಾದ ಟ್ಯಾಕಲ್ ಆ ಎಂಡ್‌ನನ್ನು ತಡೆಯುತ್ತಾನೆ, ಕ್ವಾರ್ಟರ್‌ಬ್ಯಾಕ್ ನೋಡುವುದು ಎದುರಾಳಿ ಸಾಲಿನ ಹಿಂದೆ ನಿಲ್ಲುವ ಲೈನ್‌ಬ್ಯಾಕರ್‌ನನ್ನು. ಅವನು ಓಟದ ಕಡೆ ಮುಂದೆ ಬಂದರೆ ಅವನ ಬೆನ್ನ ಹಿಂದೆ, ಓರೆಯಾಗಿ ಒಳಕ್ಕೆ ಓಡುವ ರಿಸೀವರ್‌ಗೆ ಎಸೆ, ಅದೇ ಸ್ಲ್ಯಾಂಟ್. ಐದು ಲೈನ್‌ಮನ್‌ಗಳಲ್ಲಿ ಕೆಲಸ ಬದಲಾಗುವುದು ಒಬ್ಬನಿಗೆ ಮಾತ್ರ.

ಇದರಿಂದ ಇನ್ನೊಂದು ಲಾಭ ಆಯಿತು. ದೊಡ್ಡವನಿಗೆ ನೋಡಬೇಕಾದವನು ಒಬ್ಬನೇ ಆದ ಮೇಲೆ ಎರಡೆರಡು ಸಲ ನೋಡುವ ಚಾಳಿ ಕಡಿಮೆಯಾಯಿತು. ಕಲಿಸಿದ್ದು ಹೀಗೆ: ನಾನು ಪ್ಯಾಡ್ ಹಿಡಿದು ಲೈನ್‌ಬ್ಯಾಕರ್ ಜಾಗದಲ್ಲಿ ನಿಲ್ಲುತ್ತಿದ್ದೆ. ಸ್ನ್ಯಾಪ್ ಆದ ಕೂಡಲೇ ಮುಂದೆ ಬರುತ್ತಿದ್ದೆ, ಇಲ್ಲವೇ ಹಿಂದೆ ಸರಿಯುತ್ತಿದ್ದೆ. ಒಮ್ಮೊಮ್ಮೆ ಸುಮ್ನೆ ಭುಜ ಮಾತ್ರ ಅಲ್ಲಾಡಿಸುತ್ತಿದ್ದೆ. ಆಗಲೂ ಅವನು ನನ್ನ ಕಾಲನ್ನೇ ನೋಡಬೇಕು. ಭುಜ ಮೋಸ ಮಾಡುತ್ತದೆ, ಕಾಲು ಮಾಡುವುದಿಲ್ಲ.

ಎಡಗೈಯದೇ ಒಂದು ತಲೆನೋವು. ಬಲಗೈಯವನಿಗೆ ಕಾಣದ ಬದಿ ಎಡ, ಅಲ್ಲಿ ನಮ್ಮ ಒಳ್ಳೆ ಟ್ಯಾಕಲ್ ಇದ್ದ. ಎಡಗೈಯವನು ಬಂದರೆ ಕಾಣದ ಬದಿ ಬಲ, ಅಲ್ಲಿ ಹೊಸ ಹುಡುಗ. ಟ್ಯಾಕಲ್‌ಗಳನ್ನು ಅದಲುಬದಲು ಮಾಡಿದರೆ ಇಬ್ಬರ ಹೆಜ್ಜೆಯೂ ಕೆಡುತ್ತದೆ. ಅದರ ಬದಲು ಸಾಲಿನ ತುದಿಯಲ್ಲಿ ನಿಂತು ತಡೆಯುವ, ಚೆಂಡೂ ಹಿಡಿಯುವ ನಮ್ಮ ಟೈಟ್ ಎಂಡ್‌ನನ್ನು ಬಲಕ್ಕೆ ನಿಲ್ಲಿಸಿದೆವು. ಚೆಂಡು ತಿರುಗುವ ದಿಕ್ಕು ಬೇರೆ ಅಂತ ರಿಸೀವರ್‌ಗಳು ಗೊಣಗಿದರು. ಪ್ರಾಕ್ಟೀಸ್ ಮುಗಿದ ಮೇಲೆ ಚಿಕ್ಕವನ ಹತ್ತಿರವೇ ಎಸೆಸಿಕೊಳ್ಳಿ ಅಂದೆವು.

ಸೀಸನ್ ನಡುವೆ ದೊಡ್ಡವನ ಪಾದ ಉಳುಕಿತು. ಚಿಕ್ಕವನು ಒಳಗೆ ಹೋದ. ಎದುರಾಳಿಗಳು ಜಾಣರು. ಎಂಡ್‌ನನ್ನು ಒಳಗೆ ನುಗ್ಗಿಸಿ, ಇವನು ಚೆಂಡು ಇಟ್ಟುಕೊಂಡು ಓಡುವ ದಾರಿಗೆ ಲೈನ್‌ಬ್ಯಾಕರ್‌ನನ್ನು ಸುತ್ತಿಸಿ ತಂದರು. ಎರಡು ಸಲ ಸಿಕ್ಕಿಬಿದ್ದ. ಮುಂದಿನ ಸಲ ನಮ್ಮ ಟೈಟ್ ಎಂಡ್‌ನನ್ನು ಎದುರಾಳಿಯ ಎಂಡ್‌ನ ಹೊರಗಿನಿಂದ ಕಳಿಸಿ ಆ ಲೈನ್‌ಬ್ಯಾಕರ್‌ನನ್ನು ತಡೆಸಿದೆವು, ದಾರಿ ಬಿಟ್ಟಿತು. ಆ ಪಂದ್ಯ ಒಂದು ಫೀಲ್ಡ್ ಗೋಲ್ (ಮೂರು ಅಂಕ) ಅಂತರದಲ್ಲಿ ಸೋತೆವು. ಮುಂದಿನ ವಾರವೂ ದೊಡ್ಡವನ ಕಾಲು ಸರಿಹೋಗಿರಲಿಲ್ಲ. ಪ್ಲೇ ಪಟ್ಟಿಯಿಂದ ಆಚೆ ಬದಿಯ ಔಟ್ ತೆಗೆದೆವು, ಝೋನ್ ರೀಡ್ ಮುಂದಕ್ಕೆ ತಂದೆವು. ಮಂಗಳವಾರದ ಹೊತ್ತಿಗೆ ಆ ಕೆಲಸ ಮುಗಿದಿತ್ತು. ವಾರದ ಉಳಿದ ಪ್ರಾಕ್ಟೀಸ್ ಎಲ್ಲ ಎದುರಾಳಿಯ ಡಿಫೆನ್ಸ್‌ಗೆ ತಯಾರಾಗಲು ಸಿಕ್ಕಿತು.