ಕ್ಲಚ್ ಪೆಡಲ್ ಕಿರ್ ಅಂದ ಕೂಡಲೇ ಗೇರ್‌ಬಾಕ್ಸ್ ಇಳಿಸಬೇಡಿ

ಕಿರ್ರ್... ಟಕ್. ಕಿರ್ರ್... ಟಕ್. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವಷ್ಟರಲ್ಲಿ ಎಡಗಾಲಿನ ಕೆಳಗೆ ಈ ಸದ್ದು ಎಷ್ಟು ಸಲ ಬರುತ್ತದೆ ಅಂತ ಒಂದು ದಿನ ಎಣಿಸಲು ಶುರು ಮಾಡಿದೆ. ಉಣಕಲ್ ದಾಟುವ ಹೊತ್ತಿಗೆ ಲೆಕ್ಕ ತಪ್ಪಿತು. ಬಿಆರ್‌ಟಿಎಸ್ (ತ್ವರಿತ ಬಸ್ ಸಾರಿಗೆ) ಬಂದ ಮೇಲೆ, ಅಂದರೆ 2018ರಿಂದ, ಈ ಸುಮಾರು 22 ಕಿಲೋಮೀಟರ್ ದಾರಿಯಲ್ಲಿ ಚಿಗರಿ ಬಸ್ಸುಗಳಿಗೆ ಅವುಗಳದೇ ಲೇನ್ ಇದೆ. ನಮ್ಮಂಥವರು ಪಕ್ಕದಲ್ಲಿ ಆಟೊ, ಟಂಟಂ, ಬೈಕುಗಳ ನಡುವೆ ಕ್ಲಚ್ ಒತ್ತುವುದು, ಬಿಡುವುದು, ಮತ್ತೆ ಒತ್ತುವುದು. ಪೆಡಲ್ ಸವೆಯದೆ ಇನ್ನೇನಾದೀತು?

ಗ್ಯಾರೇಜಿಗೆ ಒಯ್ದೆ. ಹುಡುಗ ಪೆಡಲನ್ನು ಎರಡು ಸಲ ತುಳಿದು ನೋಡಿದ. ‘ಕ್ಲಚ್ ಸೆಟ್ ಹಾಕಬೇಕಾಗ್ತದ್ರೀ ಸರ, ಗೇರ್‌ಬಾಕ್ಸ್ ಇಳಿಸಬೇಕು’ ಅಂದ. ‘ನಾಳೆ ತರ್ತೀನ್ರೀ’ ಅಂತ ಹೇಳಿ ಜಾರಿಕೊಂಡೆ. ಸಂಜೆ ಪಕ್ಕದ ಮನೆಯ ಕಾಕಾ ಬಂದರು. ಅವರು ಜೀವನವೆಲ್ಲ ಲಾರಿ ರಿಪೇರಿ ಮಾಡಿದವರು. ಪೆಡಲನ್ನು ತುಳಿಯಲೇ ಇಲ್ಲ. ಬಗ್ಗಿ, ಕೈಯಿಂದ ಹಿಡಿದು ಅಡ್ಡಡ್ಡ ಅಲುಗಾಡಿಸಿದರು. ಬೀಳಲು ಬಂದ ಹಾಲುಹಲ್ಲಿನ ಹಾಗೆ ಅಲ್ಲಾಡಿತು. ‘ಕ್ಲಚ್ ಪ್ಲೇಟ್ ಅಲ್ಲೋ ತಮ್ಮಾ, ಬುಶ್ ಹೋಗ್ಯಾವ ನೋಡು’ ಅಂದರು.

ಮುಂದಿನ ಭಾನುವಾರ ಅವರ ಕಣ್ಣೆದುರಿಗೇ ಕೆಲಸ ಮುಗಿಸಿದೆ. ಸಾಮಾನಿಗೆ ಆದ ಖರ್ಚು ನಾಲ್ಕು ಜನರ ಗಿರ್ಮಿಟ್, ಚಹಾಕ್ಕಿಂತ ಜಾಸ್ತಿ ಏನಲ್ಲ. ಹೇಗೆ ಮಾಡಿದೆ ಅನ್ನುವುದು ಇಲ್ಲಿದೆ. ಎಲ್ಲಿ ಕೈ ಹಾಕಬಾರದು ಅನ್ನುವುದೂ ಇದೆ.

ಮೊದಲು ರೋಗ ಯಾವುದು ನೋಡಿ

ಪೆಡಲ್ ಅಂದರೆ ಒಂದು ಸನ್ನೆಗೋಲು, ಅಷ್ಟೇ. ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಕಬ್ಬಿಣದ ಬ್ರಾಕೆಟ್ ಇರುತ್ತದೆ. ಅದರಲ್ಲಿ ಅಡ್ಡಲಾಗಿ ಒಂದು ಉದ್ದ ಬೋಲ್ಟ್ ಅಥವಾ ಶಾಫ್ಟ್. ಪೆಡಲ್ ಅದಕ್ಕೆ ಜೋತು ಬಿದ್ದಿರುತ್ತದೆ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಬಾರದು ಅಂತ ನಡುವೆ ಎರಡು ಸಣ್ಣ ನೈಲಾನ್ ಬಳೆಗಳನ್ನು ಹಾಕಿರುತ್ತಾರೆ. ಅವೇ ಬುಶ್. ಒಳಗಿನ ಗ್ರೀಸ್ ವರ್ಷಗಟ್ಟಲೆ ಒಣಗುತ್ತದೆ. ಅದರ ಮೇಲೆ ನಮ್ಮ ಕಡೆಯ ಧೂಳು ಕೂರುತ್ತದೆ. ಗ್ರೀಸ್ ಮತ್ತು ಧೂಳು ಸೇರಿದರೆ ಅದು ಗ್ರೀಸ್ ಅಲ್ಲ, ಮರಳು ಕಾಗದ. ಬುಶ್ ಸವೆದು ಒಂದು ಕಡೆ ತೆಳ್ಳಗಾಗುತ್ತದೆ, ಪೆಡಲ್ ಸಡಿಲಾಗುತ್ತದೆ.

ಎಂಜಿನ್ ಆಫ್ ಮಾಡಿ ಪೆಡಲ್ ಒತ್ತಿ. ಆಗಲೂ ಕಿರ್ ಅಂದರೆ ತೊಂದರೆ ಪೆಡಲಿನಲ್ಲಿ ಅಥವಾ ಕೇಬಲ್ಲಿನಲ್ಲಿದೆ. ನಿಮ್ಮ ಅದೃಷ್ಟ ಚೆನ್ನಾಗಿದೆ. ಎಂಜಿನ್ ಓಡುವಾಗ ಮಾತ್ರ, ಪೆಡಲ್ ಒತ್ತಿದಾಗ ಗುಂಯ್ ಅನ್ನುವ ಸದ್ದು ಬಂದರೆ ರಿಲೀಸ್ ಬೇರಿಂಗ್ (ಕ್ಲಚ್ ಬಿಡಿಸುವ ಬೇರಿಂಗ್) ಮೇಲೆ ಅನುಮಾನ ಪಡಿ. ಒತ್ತದಿದ್ದಾಗ ಸದ್ದಿದ್ದು, ಒತ್ತಿದರೆ ನಿಂತುಹೋದರೆ ಗೇರ್‌ಬಾಕ್ಸ್ ಒಳಗಿನ ಬೇರಿಂಗ್ ಇರಬಹುದು. ಏರು ಹತ್ತುವಾಗ ಎಂಜಿನ್ ಮಾತ್ರ ಕೂಗುತ್ತಾ ಕಾರು ಮುಂದಕ್ಕೆ ಹೋಗದಿದ್ದರೆ, ಸುಟ್ಟ ವಾಸನೆ ಬಂದರೆ, ಪ್ಲೇಟ್ ಜಾರುತ್ತಿದೆ. ಈ ಮೂರಕ್ಕೂ ಗ್ಯಾರೇಜೇ ಗತಿ.

ಇನ್ನೊಂದು ವಿಷಯ. ನಿಮ್ಮ ಕಾರಿನದು ಕೇಬಲ್ ಕ್ಲಚ್ಚೋ, ಆಯಿಲ್ ಕ್ಲಚ್ಚೋ? ಮಾರುತಿ 800ರಂಥ ಹಳೆಯ ಸಣ್ಣ ಕಾರುಗಳಲ್ಲಿ ಕೇಬಲ್ ಇರುತ್ತದೆ. ಪೆಡಲಿನ ಮೇಲ್ತುದಿಗೆ ತಂತಿ ಸಿಕ್ಕಿಸಿದ್ದರೆ ಕೇಬಲ್. ಬದಲಿಗೆ ಒಂದು ಕಬ್ಬಿಣದ ಕಡ್ಡಿ ಮುಂದಿನ ಗೋಡೆಯೊಳಗೆ ಹೋಗಿದ್ದರೆ ಅದು ಆಯಿಲ್ ಕ್ಲಚ್. ಆ ಕಡ್ಡಿ ಒಳಗೆ ಹೋಗುವ ಜಾಗದಲ್ಲಿ ಬೆರಳಾಡಿಸಿ ನೋಡಿ. ಒದ್ದೆ ಇದ್ದರೆ ಮಾಸ್ಟರ್ ಸಿಲಿಂಡರ್ (ಆಯಿಲ್ ತಳ್ಳುವ ಭಾಗ) ಸೋರುತ್ತಿದೆ. ಬುಶ್ ವಿಚಾರ ಅಲ್ಲಿಗೇ ಬಿಟ್ಟು ಮೆಕ್ಯಾನಿಕ್ ಹತ್ತಿರ ಹೋಗಿ. ನಾನು ಮಾಡಿದ್ದು ಕೇಬಲ್ ಇರುವ ಕಾರಿನಲ್ಲಿ.

ಸಾಮಾನು

ಎರಡು ಬುಶ್, ರಿಟರ್ನ್ ಸ್ಪ್ರಿಂಗ್, ಪೆಡಲಿನ ರಬ್ಬರ್. ಕೇಬಲ್ ಸಿಕ್ಕಿಸುವಲ್ಲಿ ಪಿನ್, ಲಾಕ್ ಇದ್ದರೆ ಅವೂ ಹೊಸದಿರಲಿ. ಅಂಗಡಿಯಲ್ಲಿ ಕಾರಿನ ಮಾಡೆಲ್, ವರ್ಷ ಎರಡೂ ಹೇಳಿ. ಒಂದೇ ಹೆಸರಿನ ಕಾರಿಗೆ ಎರಡು ಥರದ ಬುಶ್ ಬಂದಿರಬಹುದು. ಹಳೆಯದನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಹೋಗುವುದೇ ಒಳ್ಳೆಯದು, ಆದರೆ ಹೋಗಲು ಇನ್ನೊಂದು ಗಾಡಿ ಬೇಕು ಅಲ್ವಾ! ನಾನು ಕಾಕಾ ಅವರ ಲೂನಾ ತೆಗೆದುಕೊಂಡು ಹೋಗಿದ್ದೆ.

ಆಯುಧಗಳು ಹೆಚ್ಚೇನಿಲ್ಲ. 10, 12, 14ರ ಪಾನಾ, ಒಂದು ಮೂತಿ ಉದ್ದದ ಪಕ್ಕಡ್, ಸ್ಕ್ರೂಡ್ರೈವರ್, ಹಣೆಗೆ ಕಟ್ಟುವ ಲೈಟ್, ಕಣ್ಣಿಗೆ ಕನ್ನಡಕ, ಹಳೇ ಬನಿಯನ್ ಬಟ್ಟೆ. ಲಿಥಿಯಂ ಗ್ರೀಸ್ ಒಂದು ಸಣ್ಣ ಡಬ್ಬಿ. ಬೆನ್ನಿನ ಕೆಳಗೆ ಹಾಸಲು ಒಂದು ಕೌದಿ. ಕೌದಿ ತಮಾಷೆಗೆ ಹೇಳಿದ್ದಲ್ಲ. ಡೋರಿನ ಅಂಚು ಬೆನ್ನಿಗೆ ಒತ್ತಿದಾಗ ಗೊತ್ತಾಗುತ್ತದೆ.

ಕೆಲಸಕ್ಕೆ ಮುಂಚೆ

ಕಾರು ಸಮತಟ್ಟಾದ ಜಾಗದಲ್ಲಿರಲಿ. ಹ್ಯಾಂಡ್‌ಬ್ರೇಕ್ ಎಳೆದು, ಗಾಲಿಗಳ ಹಿಂದೆ ಮುಂದೆ ಇಟ್ಟಿಗೆ ಇಡಿ. ಗೇರಿನಲ್ಲಿ ನಿಲ್ಲಿಸಿದ್ದೇನೆ ಅಂತ ಧೈರ್ಯ ಬೇಡ. ನೀವು ಪದೇಪದೇ ಕ್ಲಚ್ ಒತ್ತುವವರು. ಕ್ಲಚ್ ಒತ್ತಿದ ಗಳಿಗೆಯಲ್ಲಿ ಗೇರಿನ ಹಿಡಿತ ಇರುವುದಿಲ್ಲ.

ಬ್ಯಾಟರಿಯ ನೆಗೆಟಿವ್ ಕಡೆಯ ವೈರ್ ಬಿಚ್ಚಿ ಬದಿಗಿಡಿ. ಏರ್‌ಬ್ಯಾಗ್ ಇರುವ ಕಾರಾದರೆ ವೈರ್ ಬಿಚ್ಚಿದ ಮೇಲೆ ಹತ್ತು ಹದಿನೈದು ನಿಮಿಷ ಸುಮ್ನೆ ಬಿಡಿ, ಒಂದು ಚಹಾ ಕುಡಿದು ಬನ್ನಿ. ಸ್ಟೇರಿಂಗ್ ಕೆಳಗೆ ಹಳದಿ ಬಣ್ಣದ ವೈರ್ ಕಂಡರೆ ಅದನ್ನು ಮುಟ್ಟಬೇಡಿ.

ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಮ್ಯಾಟ್ ತೆಗೆದುಬಿಡಿ. ಮ್ಯಾಟ್ ಮೇಲೆ ಪ್ಲಾಸ್ಟಿಕ್ ಚೂರುಗಳು ಬಿದ್ದಿವೆಯಾ ನೋಡಿ. ಕೆಲವು ಕಾರುಗಳಲ್ಲಿ ಪೆಡಲ್ ಹಿಂದಕ್ಕೆ ಬಂದು ನಿಲ್ಲುವಲ್ಲಿ ಅಂಗಿಯ ಗುಂಡಿಯಷ್ಟು ದೊಡ್ಡ ಸ್ಟಾಪರ್ ಇರುತ್ತದೆ. ವಯಸ್ಸಾದ ಮೇಲೆ ಅದು ಹಪ್ಪಳದ ಹಾಗೆ ಪುಡಿಯಾಗುತ್ತದೆ. ಕ್ಲಚ್ ಒತ್ತಿದರೆ ಮಾತ್ರ ಸ್ಟಾರ್ಟ್ ಆಗುವ ಹೊಸ ಕಾರುಗಳಲ್ಲಿ ಇಂಥದೇ ಒಂದು ಸ್ಟಾಪರ್ ಒಡೆದು ಸ್ವಿಚ್ ಒತ್ತದೆ ಹೋದರೆ ಕಾರು ಸ್ಟಾರ್ಟೇ ಆಗುವುದಿಲ್ಲ. ಜನ ಸುಮ್ನೆ ಬ್ಯಾಟರಿ ಬದಲಾಯಿಸುತ್ತಾರೆ.

ಬಿಚ್ಚುವುದು

ಈಗ ಕೌದಿಯ ಮೇಲೆ ಅಂಗಾತ ಮಲಗಿ. ತಲೆ ಪೆಡಲುಗಳ ಕೆಳಗೆ, ಕಾಲು ಹೊರಗೆ. ಮೊದಲ ಕೆಲಸ ಫೋನಿನಿಂದ ಫೋಟೊ. ಎಡದಿಂದ, ಬಲದಿಂದ, ಕೆಳಗಿನಿಂದ. ಸ್ಪ್ರಿಂಗಿನ ಯಾವ ಕಾಲು ಎಲ್ಲಿ ಸಿಕ್ಕಿದೆ ಅನ್ನುವುದು ಸ್ಪಷ್ಟವಾಗಿ ಕಾಣಬೇಕು. ಒಂದು ಗಂಟೆಯ ನಂತರ ನಿಮಗೆ ಅದು ನೆನಪಿರುವುದಿಲ್ಲ.

ಬಾನೆಟ್ ಎತ್ತಿ ಗೇರ್‌ಬಾಕ್ಸ್ ಕಡೆ ಕೇಬಲ್ ಮುಗಿಯುವ ಜಾಗ ಹುಡುಕಿ. ಅಲ್ಲಿ ಅಡ್ಜಸ್ಟ್ ಮಾಡುವ ನಟ್ ಇರುತ್ತದೆ. ನಟ್ಟಿನ ಆಚೆ ಎಷ್ಟು ಮರೆ (ನಟ್ ತಿರುಗುವ ಸುರುಳಿ ಗೆರೆ) ಕಾಣುತ್ತದೆ ಅಂತ ಅಳೆದು ಬರೆದುಕೊಳ್ಳಿ, ಆಮೇಲೆ ಸಡಿಲಿಸಿ. ಕೇಬಲ್ ಜೋಲು ಬಿದ್ದಾಗ ಪೆಡಲಿನ ಮೇಲ್ತುದಿಯಿಂದ ಅದನ್ನು ಕೈಯಲ್ಲೇ ಬಿಡಿಸಬಹುದು. ಹಾಗೆ ಬಿಡಿಸುವಾಗ ತಂತಿಯ ಎಳೆಗಳನ್ನು ನೋಡಿ. ಒಂದು ಎಳೆ ತುಂಡಾಗಿ ಮುಳ್ಳಿನ ಹಾಗೆ ಹೊರಬಂದಿದ್ದರೂ ಕೇಬಲ್ ಹೊಸದು ಹಾಕಿ. ಅದು ತುಂಡಾಗುವುದು ಮನೆ ಮುಂದೆ ಅಲ್ಲ, ಚನ್ನಮ್ಮ ಸರ್ಕಲ್ಲಿನ ನಟ್ಟನಡುವೆ.

ಸ್ಪ್ರಿಂಗ್ ಹತ್ತಿರ ಬಂದಾಗ ಕನ್ನಡಕ ಹಾಕಿಕೊಳ್ಳಿ. ನಿಮ್ಮ ಮುಖ ಸರಿಯಾಗಿ ಅದರ ಕೆಳಗಿರುತ್ತದೆ. ಸ್ಪ್ರಿಂಗಿನ ಸುತ್ತ ಬಟ್ಟೆ ಸುತ್ತಿ, ಪಕ್ಕಡಿನಿಂದ ಒಂದು ಕಾಲನ್ನು ಗಟ್ಟಿ ಹಿಡಿದು, ನಿಧಾನಕ್ಕೆ ಬಿಡಿ. ನಾನು ಬಟ್ಟೆ ಸುತ್ತದೆ ಎಳೆದೆ. ಸ್ಪ್ರಿಂಗ್ ಹಾರಿ ಹಿಂದಿನ ಸೀಟಿನ ಕೆಳಗೆ ಹೋಯಿತು. ಕಾಕಾ ಏನೂ ಅನ್ನಲಿಲ್ಲ, ಇನ್ನೊಂದು ವೀಳ್ಯದೆಲಿ ಬಾಯಿಗೆ ಹಾಕಿಕೊಂಡರು.

ಇನ್ನು ಮುಖ್ಯ ಬೋಲ್ಟ್. ಇಲ್ಲಿ ಒಂದು ನಿಮಿಷ ನಿಲ್ಲಿ. ಲೈಟ್ ಹಾಯಿಸಿ ಅದು ಎಲ್ಲಿಂದ ಎಲ್ಲಿಗೆ ಹೋಗಿದೆ ನೋಡಿ. ಹಲವು ಕಾರುಗಳಲ್ಲಿ ಬ್ರೇಕ್ ಪೆಡಲ್ ಕೂಡ ಅದೇ ಶಾಫ್ಟಿನ ಮೇಲೆ ಇರುತ್ತದೆ. ನಿಮ್ಮದೂ ಹಾಗೇ ಇದ್ದರೆ ಬಿಚ್ಚಬೇಡಿ. ಸ್ಪ್ರಿಂಗ್, ಕೇಬಲ್ ವಾಪಸ್ ಹಾಕಿ, ಬುಶ್ ಕೈಯಲ್ಲಿ ಹಿಡಿದು ಗ್ಯಾರೇಜಿಗೆ ಹೋಗಿ ‘ಇದಿಷ್ಟು ಹಾಕಿ ಕೊಡ್ರಿ’ ಅನ್ನಿ. ಕ್ಲಚ್ ಕೈಕೊಟ್ಟರೆ ಕಾರು ನಿಲ್ಲುತ್ತದೆ. ಬ್ರೇಕ್ ಕೈಕೊಟ್ಟರೆ ಕಾರು ನಿಲ್ಲುವುದಿಲ್ಲ. ಮೊದಲ ಸಲ ಪಾನಾ ಹಿಡಿದವರು ಬ್ರೇಕ್ ಮುಟ್ಟಬಾರದು ಅನ್ನುವುದು ನನ್ನ ಪಟ್ಟು.

ಕ್ಲಚ್ಚಿಗೆ ಬೇರೆಯದೇ ಬೋಲ್ಟ್ ಇದ್ದರೆ, ಒಂದು ಕಡೆ ಪಾನಾದಿಂದ ತಲೆ ಹಿಡಿದು ಇನ್ನೊಂದು ಕಡೆ ನಟ್ ಸಡಿಲಿಸಿ. ಪೆಡಲನ್ನು ಎಡಗೈಯಲ್ಲಿ ಆನಿಸಿ ಬೋಲ್ಟ್ ಎಳೆಯಿರಿ. ವಾಷರ್ ಇದ್ದರೆ ಬಂದ ಸಾಲಿನಲ್ಲೇ ಒಂದು ತಟ್ಟೆಯಲ್ಲಿ ಜೋಡಿಸಿಡಿ.

ಹಳೆಯದು ಏನು ಹೇಳುತ್ತದೆ

ನನ್ನ ಕೈಗೆ ಬಂದ ಬುಶ್ ಗುಂಡಗೆ ಇರಲೇ ಇಲ್ಲ. ಒಂದು ಬದಿ ಸರಿಯಾಗಿತ್ತು, ಇನ್ನೊಂದು ಬದಿ ಕಾಗದದಷ್ಟು ತೆಳುವಾಗಿ ಸೀಳಿತ್ತು. ಆ ಸೀಳು ಮಡಚಿ ಬಿಚ್ಚಿದಾಗಲೇ ‘ಟಕ್’ ಅಂತಿದ್ದದ್ದು. ಇಷ್ಟು ದಿನ ಕಾಡಿದ ಸದ್ದನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಟಕ್ ಟಕ್ ಅನ್ನಿಸುತ್ತಾ ಸ್ವಲ್ಪ ಹೊತ್ತು ಕೂತೆ.

ಬೋಲ್ಟನ್ನು ಉಗುರಿನಿಂದ ಗೀರಿ ನೋಡಿ. ಉಗುರು ಸಿಕ್ಕಿಕೊಳ್ಳುವಷ್ಟು ಗೆರೆ ಬಿದ್ದಿದ್ದರೆ ಬೋಲ್ಟೂ ಹೊಸದು ಬೇಕು. ಪೆಡಲಿನ ತೂತೇ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಹೊಸ ಬುಶ್ ಹಾಕಿ ಪ್ರಯೋಜನವಿಲ್ಲ, ತಿಂಗಳಲ್ಲಿ ಮತ್ತೆ ಅದೇ ಹಾಡು. ಬೇರೆ ಪೆಡಲ್ ಹುಡುಕಬೇಕು, ಅಥವಾ ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟ್ ಕಡೆ ಒಂದು ಲೇಥ್ ಅಂಗಡಿಗೆ ಒಯ್ದು ತೂತು ಸರಿ ಮಾಡಿಸಬೇಕು.

ಕಬ್ಬಿಣದ ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಪೂರ್ತಿ ಒರೆಸಿ. ಹಳೆಯ ಕಪ್ಪು ಗ್ರೀಸ್ ಮೇಲೆಯೇ ಹೊಸದನ್ನು ಬಳಿಯಬೇಡಿ. ಧೂಳು ಅದರೊಳಗೇ ಇದೆ.

ಕೂರಿಸುವುದು

ಹೊಸ ಬುಶ್ ಹೆಬ್ಬೆರಳಿನಿಂದ ಒತ್ತಿದರೆ ಕೂರಬೇಕು. ಕೂರದಿದ್ದರೆ ಸುತ್ತಿಗೆ ಹುಡುಕಬೇಡಿ, ಎರಡು ನಿಮಿಷ ಬಿಸಿನೀರಿನಲ್ಲಿ ಹಾಕಿ. ನೈಲಾನ್ ಸ್ವಲ್ಪ ಮೆತ್ತಗಾಗುತ್ತದೆ. ಒರೆಸಿ ಒತ್ತಿ, ಟಪ್ ಅಂತ ಕೂರುತ್ತದೆ. ಒಳಗೆ ತೆಳ್ಳಗೆ ಗ್ರೀಸ್ ಸವರಿ. ಹೋಳಿಗೆಗೆ ತುಪ್ಪ ಸವರಿದಷ್ಟು ಸಾಕು, ಸುರಿಯುವುದು ಬೇಡ. ಜಾಸ್ತಿಯಾದದ್ದು ಹೊರಗೆ ಬಂದು ಮತ್ತೆ ಧೂಳು ಹಿಡಿಯುತ್ತದೆ.

ಪೆಡಲ್ ಎತ್ತಿ, ತೂತು ಸೇರಿಸಿ, ಬೋಲ್ಟ್ ತೂರಿಸಿ. ಇದು ಹೇಳಿದಷ್ಟು ಸುಲಭವಲ್ಲ. ನನಗೆ ಆರು ಸಲ ಬೇಕಾಯಿತು. ನಟ್ ಬಿಗಿ ಮಾಡಿದ ಮೇಲೆ ಪೆಡಲ್ ಹಿಂದೆ ಮುಂದೆ ಸಲೀಸಾಗಿ ಆಡಬೇಕು, ಅಡ್ಡಡ್ಡ ಅಲ್ಲಾಡಬಾರದು. ಫೋಟೊ ನೋಡಿಕೊಂಡು ಸ್ಪ್ರಿಂಗ್ ಹಾಕಿ. ಕೊನೆಗೆ ಕೇಬಲ್ ಸಿಕ್ಕಿಸಿ, ಪಿನ್ ಲಾಕ್ ಆಗಿದೆಯಾ ಅಂತ ಬೆರಳಿನಿಂದ ಎಳೆದು ನೋಡಿ.

ರಬ್ಬರ್ ಎರಡು ನಿಮಿಷದ ಕೆಲಸ. ಎರೆ ಮಣ್ಣಿನ ಕೆಸರು ಮೆತ್ತಿದ ಚಪ್ಪಲಿಯಲ್ಲಿ ತುಳಿದು ತುಳಿದು ಅದರ ಗೆರೆಗಳು ಮಾಯವಾಗಿರುತ್ತವೆ. ಮಳೆಗಾಲದಲ್ಲಿ ಕಾಲು ಜಾರುವುದು ಇದರಿಂದಲೇ. ಹೊಸದನ್ನು ಸೋಪಿನ ನೀರಿನಲ್ಲಿ ಅದ್ದಿ ಎಳೆದು ಹಾಕಿ. ಎಣ್ಣೆ ಹಚ್ಚಬೇಡಿ.

ಕೊನೆಯ ಅಳತೆ

ಬೆರಳಿನಿಂದ ಪೆಡಲನ್ನು ಮೆಲ್ಲಗೆ ಒತ್ತಿ. ಮೊದಲು ಸ್ವಲ್ಪ ದೂರ ಖಾಲಿ ಹೋಗುತ್ತದೆ, ಆಮೇಲೆ ಕೈಗೆ ಭಾರ ಹತ್ತುತ್ತದೆ. ಆ ಖಾಲಿ ದೂರವೇ ಫ್ರೀ ಪ್ಲೇ. ಸಣ್ಣ ಕಾರುಗಳಲ್ಲಿ ಇದು ಸಾಮಾನ್ಯವಾಗಿ 15ರಿಂದ 25 ಮಿಲಿಮೀಟರ್. ನಿಮ್ಮ ಕಾರಿನ ಪುಸ್ತಕದಲ್ಲಿ ಏನಿದೆಯೋ ಅದೇ ಸರಿ. ಪೆಡಲ್ ಪಕ್ಕ ಮಕ್ಕಳ ಅಳತೆಪಟ್ಟಿ ಹಿಡಿದು ನೋಡಿ, ಬಾನೆಟ್ ಕಡೆಯ ನಟ್ ತಿರುಗಿಸಿ ಹೊಂದಿಸಿ. ಬುಶ್ ಸವೆದಿದ್ದಾಗಿನ ಹಳೆಯ ಅಳತೆ ಈಗ ಸ್ವಲ್ಪ ಬದಲಾಗಿರುತ್ತದೆ. ಹಾಗಾಗಿ ಬರೆದುಕೊಂಡದ್ದು ಆರಂಭಕ್ಕೆ ಮಾತ್ರ. ಫ್ರೀ ಪ್ಲೇ ಇಲ್ಲವೇ ಇಲ್ಲ ಅಂದರೆ ಸದಾ ಹಾಫ್ ಕ್ಲಚ್ಚಿನಲ್ಲಿ ಓಡಿಸಿದ ಹಾಗೆ, ಪ್ಲೇಟ್ ಸುಡುತ್ತದೆ. ಜಾಸ್ತಿಯಾದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ, ರಿವರ್ಸ್ ಹಾಕುವಾಗ ಕರಕರ ಅನ್ನುತ್ತದೆ.

ಅಡ್ಜಸ್ಟ್ ಮಾಡಿದ ಮೇಲೆ ಲಾಕ್ ನಟ್ ಇದ್ದರೆ ಬಿಗಿ ಮಾಡಿ. ನಾನು ಮರೆತೆ. ಮೂರನೇ ದಿನ ನವನಗರದ ಹತ್ತಿರ ಸಿಗ್ನಲ್ ಹಸಿರಾಯಿತು, ಫಸ್ಟ್ ಗೇರ್ ಬೀಳಲೇ ಇಲ್ಲ. ಹಿಂದಿನವರ ಹಾರ್ನ್ ಕೇಳುತ್ತಾ ಬಾನೆಟ್ ಎತ್ತಿ, ಕೈಯಲ್ಲೇ ನಟ್ ತಿರುಗಿಸಿ ಮನೆಗೆ ಬಂದೆ.

ಎಂಜಿನ್ ಆಫ್ ಇದ್ದಾಗಲೇ ಇಪ್ಪತ್ತು ಮೂವತ್ತು ಸಲ ಪೆಡಲ್ ಒತ್ತಿ ಬಿಡಿ. ನಂತರ ಬ್ಯಾಟರಿ ಜೋಡಿಸಿ, ಇಟ್ಟಿಗೆ ಇರುವಾಗಲೇ ಸ್ಟಾರ್ಟ್ ಮಾಡಿ, ಬ್ರೇಕ್ ಮೇಲೆ ಕಾಲಿಟ್ಟು, ಕ್ಲಚ್ ಒತ್ತಿ ಎಲ್ಲ ಗೇರ್ ಹಾಕಿ ತೆಗೆದು ನೋಡಿ. ದಪ್ಪ ಮ್ಯಾಟ್ ವಾಪಸ್ ಹಾಕುವಾಗ ಅದು ಪೆಡಲಿನ ಕೆಳಗೆ ಸಿಕ್ಕಿಕೊಳ್ಳದ ಹಾಗೆ ಹಿಂದಕ್ಕೆ ಎಳೆಯಿರಿ. ಒಂದು ವಾರ ಓಡಿಸಿ, ಇನ್ನೊಮ್ಮೆ ಕೌದಿ ಹಾಸಿ ನಟ್‌ಗಳಿಗೆ ಪಾನಾ ಹಚ್ಚಿ ನೋಡಿ. ಇಟ್ಟಿಗೆ ತೆಗೆಯುವುದನ್ನು ಮರೆಯಬೇಡಿ. ಅದನ್ನೂ ನಾನು ಮರೆತಿದ್ದೆ.