ಹಳೆಯ ಕಾರಿನಲ್ಲಿ ಮತ್ತೆ ಮತ್ತೆ ಹತ್ತುವ ಚೆಕ್ ಎಂಜಿನ್ ಲೈಟ್: ದೋಷದ ಮೂಲ ಹುಡುಕುವ ಕ್ರಮ

ಹತ್ತು ಹನ್ನೆರಡು ವರ್ಷ ಓಡಿದ ಪೆಟ್ರೋಲ್ ಕಾರಿನಲ್ಲಿ ಚೆಕ್ ಎಂಜಿನ್ ಲೈಟ್ ಹತ್ತಿತೆಂದರೆ ಅನೇಕ ಗ್ಯಾರೇಜುಗಳಲ್ಲಿ ಮೊದಲು ನಡೆಯುವ ಕೆಲಸ ಸ್ಕ್ಯಾನರ್ ಜೋಡಿಸಿ, ಕಾರಿನ ಕಂಪ್ಯೂಟರ್ ದಾಖಲಿಸಿಕೊಂಡ ದೋಷದ ಸಂಖ್ಯೆಯನ್ನು, ಅಂದರೆ ಕೋಡನ್ನು, ಅಳಿಸುವುದು. ದೀಪ ಆರುತ್ತದೆ, ಮಾಲೀಕರು ಹಣ ಕೊಟ್ಟು ಹೊರಡುತ್ತಾರೆ, ಕೆಲವೇ ದಿನಗಳಲ್ಲಿ ದೀಪ ಮತ್ತೆ ಹತ್ತುತ್ತದೆ. ದೋಷ ಎಲ್ಲಿದೆಯೋ ಅಲ್ಲೇ ಉಳಿದು, ಅದನ್ನು ಹುಡುಕಲು ಬೇಕಾದ ದಾಖಲೆ ಮಾತ್ರ ಅಳಿಸಿಹೋಗಿರುತ್ತದೆ. ಆದ್ದರಿಂದ ಕೋಡನ್ನು ಬರೆದಿಟ್ಟುಕೊಳ್ಳುವವರೆಗೆ ಅಳಿಸಲು ಯಾರಿಗೂ ಬಿಡಬೇಡಿ.

ದೀಪ ಬಂದು ಹೋಗುವುದಕ್ಕೂ ಒಂದು ಲೆಕ್ಕವಿದೆ. ಬಹುತೇಕ ದೋಷಗಳನ್ನು ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಮೊದಲ ಸಲ ಕಂಡಾಗ ‘ಪೆಂಡಿಂಗ್’ ಎಂದಷ್ಟೇ ಗುರುತು ಮಾಡಿಕೊಂಡು, ಮುಂದಿನ ಓಟದಲ್ಲೂ ಅದೇ ದೋಷ ಕಂಡರೆ ದೀಪ ಹತ್ತಿಸುತ್ತದೆ. ಅನಂತರ ಸತತ ಮೂರು ಓಟಗಳಲ್ಲಿ ದೋಷ ಕಾಣದಿದ್ದರೆ ದೀಪ ತಾನಾಗಿ ಆರುತ್ತದೆ, ಆದರೆ ಕೋಡ್ ಇನ್ನೂ ಸುಮಾರು 40 ಸಲ ಎಂಜಿನ್ ಬಿಸಿಯಾಗುವವರೆಗೆ ನೆನಪಿನಲ್ಲಿ ಉಳಿದಿರುತ್ತದೆ. ಹೀಗಾಗಿ ದೀಪ ಆರಿರುವಾಗಲೂ ಕಾರನ್ನು ಪರೀಕ್ಷಿಸಬಹುದು.

ಭಾರತದಲ್ಲಿ 2013ರ ಏಪ್ರಿಲ್ ನಂತರ ತಯಾರಾದ ಕಾರುಗಳಲ್ಲಿ ಸ್ಟೀರಿಂಗ್ ಕೆಳಗೆ ಸ್ಕ್ಯಾನರ್ ಜೋಡಿಸುವ 16 ಪಿನ್ನುಗಳ ಓಬಿಡಿ ಸಾಕೆಟ್ ಇರುತ್ತದೆ. ಮೊಬೈಲಿಗೆ ಜೋಡಿಸುವ ಸಣ್ಣ ಬ್ಲೂಟೂತ್ ಸ್ಕ್ಯಾನರ್ ಮನೆಯ ಪರೀಕ್ಷೆಗೆ ಸಾಕು. ಕೋಡಿನ ಜೊತೆಗೆ ‘ಫ್ರೀಜ್ ಫ್ರೇಮ್’ ಎಂಬ ಪುಟವನ್ನು ತಪ್ಪದೆ ತೆರೆಯಿರಿ. ದೋಷ ದಾಖಲಾದ ಕ್ಷಣದಲ್ಲಿ ಕಾರಿನ ವೇಗ, ಆರ್‌ಪಿಎಂ, ಕೂಲಂಟಿನ ಉಷ್ಣತೆ, ಎಂಜಿನ್ನಿನ ಮೇಲಿದ್ದ ಹೊರೆ ಎಲ್ಲವೂ ಅಲ್ಲಿರುತ್ತವೆ. ಬೆಳಿಗ್ಗೆ ತಣ್ಣಗಿನ ಎಂಜಿನ್ನಿನಲ್ಲಿ ಬಂದ ದೋಷವನ್ನು ಮಧ್ಯಾಹ್ನ ಬಿಸಿ ಎಂಜಿನ್ನಿನಲ್ಲಿ ಹುಡುಕಿದರೆ ಅದು ಸಿಗುವುದಿಲ್ಲ. ನನ್ನ ದೃಷ್ಟಿಯಲ್ಲಿ ಕೋಡಿಗಿಂತಲೂ ಹೆಚ್ಚು ಬೆಲೆಬಾಳುವ ಮಾಹಿತಿ ಇದೇ. ದೀಪ ಮಿನುಗುತ್ತಿದ್ದರೆ ಮಾತ್ರ ಓದುತ್ತ ಕೂರದೆ ಕಾರನ್ನು ಬದಿಗೆ ನಿಲ್ಲಿಸಬೇಕು. ಉರಿಯದ ಪೆಟ್ರೋಲ್, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತಿದೆ ಎಂಬುದರ ಸೂಚನೆ ಅದು.

ಯಾವ ಸೆನ್ಸರನ್ನೂ ಅನುಮಾನಿಸುವ ಮೊದಲು ಬ್ಯಾಟರಿ ನೋಡಿ. ರಾತ್ರಿಯಿಡೀ ನಿಂತ ಕಾರಿನಲ್ಲಿ ಸುಮಾರು 12.5 ವೋಲ್ಟ್, ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಇರಬೇಕು. ಬ್ಯಾಟರಿಯ ಟರ್ಮಿನಲ್‌ಗಳನ್ನೂ ಕಾರಿನ ಲೋಹದ ಮೈಗೆ ಬಿಗಿದ ಅರ್ಥ್ ವೈರನ್ನೂ ಬಿಚ್ಚಿ, ಉಜ್ಜಿ, ಮತ್ತೆ ಬಿಗಿಯಿರಿ.

ಹಳೆಯ ಕಾರುಗಳಲ್ಲಿ ಪದೇ ಪದೇ ಕಾಡುವ ಕೋಡುಗಳಲ್ಲಿ ಪಿ0171 ಒಂದು. ಎಂಜಿನ್ನಿನೊಳಗೆ ಗಾಳಿ ಹೆಚ್ಚಾಗಿದೆ ಅಥವಾ ಪೆಟ್ರೋಲ್ ಕಡಿಮೆಯಾಗಿದೆ ಎಂದು ಅದರರ್ಥ. ಇದನ್ನು ಕಂಡ ತಕ್ಷಣ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರ್ ಬದಲಿಸುವುದು ರೂಢಿಯಾಗಿಬಿಟ್ಟಿದೆ, ಆದರೆ ಆ ಸೆನ್ಸರ್ ಬಹಳಷ್ಟು ಸಲ ಇದ್ದದ್ದನ್ನೇ ಹೇಳುತ್ತಿರುತ್ತದೆ. ಸ್ಕ್ಯಾನರಿನಲ್ಲಿ ‘ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್’ ನೋಡಿ; ಇಸಿಯು ಪೆಟ್ರೋಲನ್ನು ಶೇಕಡ ಎಷ್ಟು ಹೆಚ್ಚಿಸಿದೆ ಅಥವಾ ತಗ್ಗಿಸಿದೆ ಎಂಬ ಅಂಕಿ ಅದು. ಅದು ಸೊನ್ನೆಯ ಆಚೀಚೆ ಶೇಕಡ 10ರೊಳಗಿದ್ದರೆ ಚಿಂತೆಯಿಲ್ಲ. ಗಾಳಿಯ ಹರಿವನ್ನೇ ಅಳೆಯುವ ಸೆನ್ಸರ್ ಇರುವ ಎಂಜಿನ್ನಿನಲ್ಲಿ ಐಡಲಿನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) ಶೇಕಡ 20ರಷ್ಟಿದ್ದದ್ದು 2,500 ಆರ್‌ಪಿಎಂಗೆ ಏರಿಸಿದಾಗ ಸರಿಹೋದರೆ, ಇನ್‌ಟೇಕ್ (ಗಾಳಿ ಒಳಬರುವ) ಕಡೆಯ ಯಾವುದೋ ರಬ್ಬರ್ ಹೋಸ್ ಸೀಳಿ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗುತ್ತಿದೆ ಎಂದು ತಿಳಿಯಬಹುದು. ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರಿನ ಕಾರುಗಳಲ್ಲಿ ಇದೇ ಸೋರಿಕೆ ಹೆಚ್ಚಾಗಿ ಐಡಲ್ ಏರಿ ನಿಲ್ಲುವುದರ ಮೂಲಕ ಗೊತ್ತಾಗುತ್ತದೆ. ಹೋಸುಗಳನ್ನು ಬೆರಳಿನಿಂದ ಬಗ್ಗಿಸಿ ನೋಡಿ, ಏಕೆಂದರೆ ಬಿಸಿಲಿಗೂ ಎಂಜಿನ್ನಿನ ಶಾಖಕ್ಕೂ ಒಣಗಿದ ರಬ್ಬರಿನ ಸೀಳು ಕ್ಲಿಪ್ಪಿನ ಪಕ್ಕದಲ್ಲೋ ತಿರುವಿನ ಅಡಿಯಲ್ಲೋ ಅಡಗಿರುತ್ತದೆ, ಮೇಲಿನಿಂದ ಕಾಣಿಸುವುದಿಲ್ಲ. ಕಣ್ಣಿಗೆ ಬೀಳದಿದ್ದರೆ ಗ್ಯಾರೇಜಿನಲ್ಲಿ ಹೊಗೆ ಹಾಯಿಸಿ ಪರೀಕ್ಷಿಸುವಂತೆ ಕೇಳಿ. ಇದಕ್ಕೆ ವಿರುದ್ಧವಾಗಿ, ಐಡಲಿನಲ್ಲಿ ಸರಿಯಿದ್ದು ಘಾಟಿ ಏರುವಾಗ ಟ್ರಿಮ್ ಮೇಲೇರಿದರೆ ಪೆಟ್ರೋಲ್ ಪಂಪು ಅಥವಾ ಫಿಲ್ಟರ್ ಸೋತಿರಬಹುದು. ಪೆಟ್ರೋಲಿನ ಒತ್ತಡವನ್ನು ಗೇಜಿನಿಂದ ಅಳೆಸಿ.

ಪಿ0301 ಬಂದರೆ ಒಂದನೆಯ ಸಿಲಿಂಡರಿನಲ್ಲಿ ಮಿಸ್‌ಫೈರ್ ಆಗುತ್ತಿದೆ, ಅಂದರೆ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಪ್ರತಿ ಪ್ಲಗ್ಗಿಗೂ ಕಿಡಿಯ ವಿದ್ಯುತ್ ಕೊಡುವ ಬೇರೆ ಕಾಯಿಲ್ ಇರುವ ಎಂಜಿನ್ನಾದರೆ, ಇಗ್ನಿಷನ್ ಆರಿಸಿ, ಆ ಕಾಯಿಲನ್ನು ಎರಡನೆಯದರೊಂದಿಗೆ ಅದಲುಬದಲು ಮಾಡಿ ಓಡಿಸಿ. ಕೋಡ್ ಪಿ0302ಕ್ಕೆ ಬದಲಾದರೆ ಕಾಯಿಲ್ ಕೆಟ್ಟಿದೆ. ಬದಲಾಗದಿದ್ದರೆ ಪ್ಲಗ್ಗುಗಳನ್ನು ಇದೇ ರೀತಿ ಪರೀಕ್ಷಿಸಿ, ಆಮೇಲೆ ಇಂಜೆಕ್ಟರ್ ಮತ್ತು ಕಂಪ್ರೆಷನ್ ಕಡೆಗೆ ಹೋಗಿ. ಒಂದು ರೂಪಾಯಿಯ ಬಿಡಿಭಾಗವನ್ನೂ ಕೊಳ್ಳದೆ ಇಷ್ಟು ತಿಳಿಯಬಹುದು.

ಪಿ0420 ಕ್ಯಾಟಲಿಟಿಕ್ ಕನ್ವರ್ಟರನ್ನು ತೋರಿಸುತ್ತದೆ. ಅದು ದುಬಾರಿ ಭಾಗವಾದ್ದರಿಂದ, ಮಿಸ್‌ಫೈರ್ ಆಗಲಿ ಎಗ್ಸಾಸ್ಟ್ ಸೋರಿಕೆಯಾಗಲಿ ಇಲ್ಲವೆಂದು ಖಚಿತವಾಗುವವರೆಗೆ ಬದಲಿಸಲು ಒಪ್ಪಬೇಡಿ.

ಮಳೆಗಾಲದಲ್ಲಿ ಮಾತ್ರ ದೀಪ ಹತ್ತುವ ಕಾರಿನಲ್ಲಿ ಕನೆಕ್ಟರುಗಳನ್ನು ಬಿಚ್ಚಿ, ಪಿನ್ನುಗಳ ಮೇಲೆ ಹಸಿರು ಕಿಲುಬು ಇದೆಯೇ ನೋಡಿ. ಮನೆಯ ಮುಂದೆ ನಿಲ್ಲುವ ಕಾರುಗಳಲ್ಲಿ ಇಲಿ ಕಡಿದ ವೈರುಗಳು ಸಾಮಾನ್ಯ. ಎಂಜಿನ್ ಓಡುತ್ತಿರುವಾಗ, ಫ್ಯಾನು ಮತ್ತು ಬೆಲ್ಟಿನಿಂದ ಕೈ ದೂರವಿಟ್ಟು, ಅನುಮಾನವಿರುವ ವೈರನ್ನು ಮೆಲ್ಲಗೆ ಅಲುಗಿಸಿದಾಗ ಸ್ಕ್ಯಾನರಿನ ಅಂಕಿ ಜಿಗಿದರೆ ದೋಷ ಸಿಕ್ಕಿತೆಂದೇ ಅರ್ಥ.

ದುರಸ್ತಿಯಾದ ಮೇಲೆ ಕೋಡ್ ಅಳಿಸಿ, ಫ್ರೀಜ್ ಫ್ರೇಮಿನಲ್ಲಿದ್ದ ವೇಗ, ಉಷ್ಣತೆ, ಹೊರೆಯಲ್ಲೇ ಕಾರನ್ನು ಓಡಿಸಿ. ದೀಪ ಹತ್ತಲಿಲ್ಲ ಎಂಬುದಷ್ಟೇ ಸಾಲದು. ಸ್ಕ್ಯಾನರಿನಲ್ಲಿ ಪೆಂಡಿಂಗ್ ಪಟ್ಟಿ ಖಾಲಿಯಿದ್ದು, ‘ರೆಡಿನೆಸ್’ ಪುಟದಲ್ಲಿ ಎಲ್ಲ ಸ್ವಯಂಪರೀಕ್ಷೆಗಳೂ ಪೂರ್ಣಗೊಂಡಿರುವುದು ಕಂಡ ಮೇಲೆಯೇ ಗ್ಯಾರೇಜಿನ ಬಿಲ್ಲು ಚುಕ್ತಾ ಮಾಡಿ.