ಮಳೆಗಾಲಕ್ಕೆ ಮೊದಲು ಟಯರ್, ಜೊತೆಗೆ ಇನ್ಶೂರೆನ್ಸ್: ನಾನು ಮಾಡುವ ಕ್ರಮ

ಯುರೋಪಿನಲ್ಲಿ ಚಳಿಗಾಲಕ್ಕೆ ಬೇರೆ ಟಯರ್ ಹಾಕುವ ವಿಡಿಯೋ ನೋಡಿ ‘ನಮಗೂ ಅಂಥದ್ದು ಬೇಕಾ?’ ಎಂದು ಕೇಳುವವರಿದ್ದಾರೆ. ಬೇಡ. ಆ ಟಯರಿನ ರಬ್ಬರನ್ನು 7 ಡಿಗ್ರಿಗಿಂತ ಕೆಳಗಿನ ಚಳಿಯಲ್ಲೂ ಗಟ್ಟಿಯಾಗದ ಹಾಗೆ ಮೆದುವಾಗಿ ಮಾಡಿರುತ್ತಾರೆ. ಡಿಸೆಂಬರಿನಲ್ಲೂ ಫ್ಯಾನ್ ಹಾಕಿ ಮಲಗುವ ಮಂಗಳೂರಿನ ಡಾಮರಿನ ಮೇಲೆ ಅದು ಬೇಗ ಸವೆಯುತ್ತದೆ, ಬ್ರೇಕ್ ಹಿಡಿದಾಗ ನಿಲ್ಲುವುದೂ ತಡ. ನಮ್ಮ ಕಡೆ ಟಯರ್ ಬದಲಿಸುವ ತಿಂಗಳು ಮೇ. ಮೇ ಕೊನೆಯ ವಾರದ ತುಳುನಾಡಿನ ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸುವ ಹೊತ್ತಿಗೆ ನಾನು ಟಯರ್ ಮತ್ತು ಪಾಲಿಸಿ ಎರಡನ್ನೂ ಒಟ್ಟಿಗೆ ನೋಡಿಬಿಡುತ್ತೇನೆ. ಮಳೆಗಾಲದಲ್ಲಿ ಕೈ ಸುಡುವ ಖರ್ಚು ಎರಡು: ಗುಂಡಿಗೆ ಬಿದ್ದು ಹೋದ ಟಯರ್, ನೀರು ಎಳೆದುಕೊಂಡ ಎಂಜಿನ್. ಸಾದಾ ‘ಫುಲ್ ಇನ್ಶೂರೆನ್ಸ್’ ಕೈಕೊಡುವುದೂ ಅವೆರಡರಲ್ಲೇ.

ಮೊದಲು ಟಯರ್. ಟ್ರೆಡ್‌ನ, ಅಂದರೆ ರಸ್ತೆಗೆ ತಾಗುವ ಮೇಲ್ಮೈಯ ಕಾಲುವೆಗಳ ಆಳ 1.6 ಮಿ.ಮೀ.ಗೆ ಇಳಿದರೆ ಕಾನೂನಿನ ಪ್ರಕಾರ ಟಯರಿನ ಆಯುಸ್ಸು ಮುಗಿಯಿತು. ಕಾಲುವೆಯೊಳಗಿನ ಸಣ್ಣ ಅಡ್ಡಗಟ್ಟೆಗಳು ಟ್ರೆಡ್‌ನ ಮಟ್ಟಕ್ಕೆ ಬಂದರೆ ಅದೇ ಗುರುತು. ಆದರೆ ವರ್ಷಕ್ಕೆ ಹೆಚ್ಚುಕಡಿಮೆ 4000 ಮಿ.ಮೀ. ಮಳೆ ಸುರಿಯುವ ಊರಿನಲ್ಲಿ ಆ ಲೆಕ್ಕ ಸಾಲದು. ನಾನು 3 ಮಿ.ಮೀ.ಗೇ ಬದಲಿಸುತ್ತೇನೆ. ‘ಇನ್ನೊಂದು ಮಳೆಗಾಲ ಹೋಗ್ತದೆ ಮಾರಾಯ್ರೆ’ ಎಂಬ ಮಾತು ಒಣ ರಸ್ತೆಯ ಮಟ್ಟಿಗೆ ನಿಜವಿರಬಹುದು. ಹೆದ್ದಾರಿ 66ರಲ್ಲಿ ನೀರು ತೆಳ್ಳಗೆ ಹರಡಿ ನಿಂತಿರುವಾಗ, 80ರ ವೇಗದಲ್ಲಿ, ಆ ನೀರನ್ನು ಬದಿಗೆ ತಳ್ಳಲು ಕಾಲುವೆಯೇ ಇಲ್ಲದಿದ್ದರೆ ಟಯರ್ ನೀರಿನ ಮೇಲೆ ತೇಲುತ್ತದೆ. ಸ್ಟಿಯರಿಂಗ್ ಇದ್ದಕ್ಕಿದ್ದಂತೆ ಹಗುರಾದರೆ ಅದೇ ಲಕ್ಷಣ. ಆಗ ಬ್ರೇಕ್ ಒತ್ತಬಾರದು, ಸ್ಟಿಯರಿಂಗ್ ನೇರ ಹಿಡಿದು ಆಕ್ಸಿಲರೇಟರ್‌ನಿಂದ ಕಾಲು ತೆಗೆಯಬೇಕು. ಮಳೆಗೆ ಗಾಳಿ ಕಡಿಮೆ ಮಾಡಿದರೆ ಗ್ರಿಪ್ ಹೆಚ್ಚು ಎಂಬುದು ತಪ್ಪು. ಗಾಳಿ ಕಡಿಮೆಯಾದಷ್ಟೂ ತೇಲುವುದು ಬೇಗ. ಡ್ರೈವರ್ ಬಾಗಿಲಿನ ಬಳಿಯ ಸ್ಟಿಕ್ಕರಿನಲ್ಲಿ ಇರುವಷ್ಟನ್ನು, ಟಯರ್ ತಣ್ಣಗಿರುವಾಗ ತುಂಬಿಸಿ. ನೈಟ್ರೋಜನ್ ಬೇಕಿಲ್ಲ, ಸಾದಾ ಗಾಳಿ ಸಾಕು.

ಕೊಳ್ಳುವಾಗ ಟಯರಿನ ಬದಿಯಲ್ಲಿ ಡಾಟ್ (DOT) ಗುರುತಿನ ಕೊನೆಯ ನಾಲ್ಕು ಅಂಕೆ ನೋಡಿ. 2325 ಎಂದಿದ್ದರೆ 2025ರ 23ನೇ ವಾರದ ಮಾಲು. ವರ್ಷಕ್ಕಿಂತ ಹಳೆಯ ಸ್ಟಾಕ್ ಅನ್ನು ನಾನು ವಾಪಸ್ ಇಡಿಸುತ್ತೇನೆ. 185/65 ಆರ್15 88ಎಚ್ ಎಂದಿರುವ ಕಡೆ ಅಳತೆಯಷ್ಟೇ ಅಲ್ಲ, ಭಾರದ 88 ಮತ್ತು ವೇಗದ ಎಚ್ ಕೂಡ ಕಂಪನಿ ಕೊಟ್ಟದ್ದಕ್ಕಿಂತ ಕಡಿಮೆ ಇರಬಾರದು. ಎರಡೇ ಹೊಸ ಟಯರ್ ಹಾಕುವುದಾದರೆ ಹಿಂದಕ್ಕೆ ಹಾಕಿಸಿ, ಎಂಜಿನ್ ಮುಂದಿನ ಚಕ್ರ ತಿರುಗಿಸುವ ಕಾರಾದರೂ ಸರಿ. ಒದ್ದೆಯಲ್ಲಿ ಮುಂದಿನದು ಜಾರಿದರೆ ವೇಗ ಇಳಿಸಿ ಸುಧಾರಿಸಬಹುದು, ಹಿಂದಿನದು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ. ಅಂಗಡಿಯವರು ಸಾಮಾನ್ಯವಾಗಿ ಒಪ್ಪುವುದಿಲ್ಲ, ಪಟ್ಟು ಹಿಡಿಯಬೇಕು.

ಜೋಡಿಸುವಾಗ ಪಕ್ಕದಲ್ಲೇ ನಿಲ್ಲಿ. ಕಡಲಿನ ಉಪ್ಪುಗಾಳಿಗೆ ಚಕ್ರ ಕೂರುವ ಹಬ್‌ನ ಮುಖದಲ್ಲಿ ತುಕ್ಕು ಪದರಗಟ್ಟಿ ಅಲಾಯ್ ರಿಮ್ ಅಂಟಿಕೊಂಡಿರುತ್ತದೆ. ತಂತಿ ಬ್ರಷ್‌ನಿಂದ ಉಜ್ಜದೆ ಹಾಗೇ ಕೂರಿಸಿದರೆ ರಿಮ್ ಸಮನಾಗಿ ಕೂರದೆ, ಎಷ್ಟು ಬ್ಯಾಲೆನ್ಸ್ ಮಾಡಿದರೂ ನಡುಕ ಹೋಗುವುದಿಲ್ಲ. ರಬ್ಬರ್ ವಾಲ್ವ್ ನಾಲ್ಕೂ ಹೊಸದು ಹಾಕಿಸಿ. ನಟ್ಟನ್ನು ಗಾಳಿಗನ್ನಿನಿಂದ ಬಿಗಿದು ಬಿಡುವುದು ಇಲ್ಲಿನ ದೊಡ್ಡ ಕೆಟ್ಟ ಚಾಳಿ: ಚಾರ್ಮಾಡಿ ಘಾಟಿಯ ಮಳೆಯಲ್ಲಿ ಪಂಕ್ಚರ್ ಆದಾಗ ಕಾರಿನ ಸ್ಪ್ಯಾನರಿಗೆ ಅದು ಜಗ್ಗುವುದಿಲ್ಲ. ಕೊನೆಯ ಬಿಗಿತ ಅಳತೆಗೆ ತಕ್ಕಷ್ಟೇ ಬಿಗಿಯುವ ಟಾರ್ಕ್ ವ್ರೆಂಚಿನಲ್ಲೇ ಆಗಲಿ, ನೂರು ಕಿಲೋಮೀಟರ್ ಒಳಗೆ ಇನ್ನೊಮ್ಮೆ ಪರೀಕ್ಷಿಸಿ. ಸ್ಟೆಪ್ನಿಗೂ ಅವತ್ತೇ ಗಾಳಿ.

ಈಗ ಪಾಲಿಸಿ. ಗುಂಡಿಗೆ ಬಿದ್ದು ಟಯರಿನ ಬದಿ ಊದಿಕೊಂಡಿತೆಂದರೆ ಒಳಗಿನ ನೂಲು ಹರಿದಿದೆ ಎಂದರ್ಥ. ರಿಪೇರಿ ಇಲ್ಲ, ಹೊಸದೇ ಬೇಕು. ಸ್ಟ್ಯಾಂಡರ್ಡ್ ಪಾಲಿಸಿಯಲ್ಲಿ ಟಯರ್ ಮಾತ್ರ ಹಾಳಾದರೆ ಪೈಸೆ ಬರುವುದಿಲ್ಲ. ಅದೇ ಪೆಟ್ಟಿಗೆ ವಾಹನಕ್ಕೂ ಹಾನಿಯಾಗಿದ್ದರೆ ಟಯರಿನ ಬೆಲೆಯ 50 ಶೇಕಡಾ ಸಿಗುತ್ತದೆ. ಪ್ಲಾಸ್ಟಿಕ್ ಬಂಪರಿಗೂ ಸವಕಳಿ ಕಡಿತ ಅರ್ಧವೇ, ಸವಕಳಿ ಕಳೆಯದೆ ಹಣ ಕೊಡುವ ‘ಜೀರೋ ಡೆಪ್’ ಸೇರಿಸಿಕೊಂಡಿದ್ದರೆ ಆ ಕಡಿತ ಇಲ್ಲ. ಆದರೆ ಟಯರಿಗೂ ಆ ಸವಲತ್ತು ಅನ್ವಯಿಸುತ್ತದೆಯೇ ಎಂದು ಪಾಲಿಸಿಯ ಷರತ್ತಿನಲ್ಲಿ ಓದಿ ನೋಡಬೇಕು, ಏಜೆಂಟರ ಬಾಯಿಮಾತು ಸಾಲದು. ಅಲಾಯ್ ಚಕ್ರ ಹೊರಗಿನಿಂದ ಹಾಕಿಸಿದ್ದರೆ ಇನ್ಶೂರೆನ್ಸ್ ಕಂಪನಿಗೆ ಬರೆದು ತಿಳಿಸಿ.

ನೀರಿನದು ಇನ್ನೂ ಸೂಕ್ಷ್ಮ. ನೆರೆ ಪಾಲಿಸಿಯಲ್ಲಿ ಸೇರಿದೆ, ನಿಲ್ಲಿಸಿದ ಕಾರು ಮುಳುಗಿದರೆ ಕ್ಲೇಮಿಗೆ ದಾರಿ ಇದೆ. ಮಂಗಳೂರಿನ ಪಡೀಲಿನ ರೈಲ್ವೆ ಅಂಡರ್‌ಪಾಸ್, ಕೊಟ್ಟಾರ ಚೌಕಿ, ಉಡುಪಿಯ ಕಲ್ಸಂಕದಂಥ ಕಡೆ ನಿಂತ ನೀರಿಗೆ ಇಳಿಸಿ, ಎಂಜಿನ್ ನಿಂತ ಮೇಲೆ ಮತ್ತೆ ಸ್ಟಾರ್ಟ್ ಮಾಡಿ ಹಾಳುಮಾಡಿಕೊಂಡರೆ ‘ಆನುಷಂಗಿಕ ನಷ್ಟ’ (ನೆರೆಯಿಂದ ನೇರವಾಗಿ ಆದದ್ದಲ್ಲ, ಆಮೇಲೆ ಮಾಡಿದ್ದರಿಂದ ಆದದ್ದು) ಎಂದು ಕೈತೊಳೆದುಕೊಳ್ಳುತ್ತಾರೆ. ಗಾಳಿ ಒತ್ತಬೇಕಾದ ಪಿಸ್ಟನ್ ನೀರನ್ನು ಒತ್ತಲಾರದು, ಅದಕ್ಕೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಅದಕ್ಕೇ ಎಂಜಿನ್ ಪ್ರೊಟೆಕ್ಟ್ ಎಂಬ ಆಡ್-ಆನ್, ಅಂದರೆ ಹೆಚ್ಚುವರಿ ರಕ್ಷಣೆ. ಸಾಮಾನ್ಯವಾಗಿ ಅದನ್ನು ನಡುವೆ ಸೇರಿಸಿಕೊಡುವುದಿಲ್ಲ, ರಿನ್ಯೂವಲ್ ಹೊತ್ತಿನಲ್ಲೇ ಕೇಳಬೇಕು. ರಿನ್ಯೂವಲ್ ಜನವರಿಗೆ ಬಂದರೂ ತಲೆಯಲ್ಲಿ ಜೂನ್ ಇರಲಿ.

ಎಂಜಿನ್ ನಿಂತರೆ ಕೀಲಿ ಮುಟ್ಟಬೇಡಿ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಬಾಗಿಲ ಮೇಲೆ ನೀರು ಎಲ್ಲಿವರೆಗೆ ಬಂದಿತ್ತು ಎಂಬ ಗೆರೆಯ ಫೋಟೋ ತೆಗೆದು, ಕಂಪನಿಗೆ ಫೋನ್ ಮಾಡಿ ಟೋಯಿಂಗ್ ಕೇಳಿ. ಗ್ಯಾರೇಜಿನಲ್ಲಿ ಹಾನಿ ಅಂದಾಜು ಮಾಡುವ ಸರ್ವೇಯರ್ ಬರುವವರೆಗೆ ಬಿಚ್ಚಲು ಬಿಡಬೇಡಿ. ಆಯಿಲ್ ಕಡ್ಡಿಗೆ ಹಾಲು ಬೆರೆಸಿದ ಚಹಾದ ಬಣ್ಣ ಹಿಡಿದಿದ್ದರೆ ಒಳಗೆ ನೀರು ಹೋಗಿದೆ.

ಸಣ್ಣ ಗೀರಿಗೆಲ್ಲ ಕ್ಲೇಮ್ ಮಾಡುವ ಮೊದಲು ಬೋನಸ್ ಲೆಕ್ಕ ಹಾಕಿ. ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಮ್ಮಿನಲ್ಲಿ ಸಿಗುವ ರಿಯಾಯಿತಿಯೇ ನೋ ಕ್ಲೇಮ್ ಬೋನಸ್; ಅದು ವರ್ಷ ವರ್ಷ 20, 25, 35, 45, 50 ಶೇಕಡಾ ಎಂದು ಏರುತ್ತದೆ. ಒಂದು ಕ್ಲೇಮ್ ಆದರೆ ಸೊನ್ನೆ. 50ರಲ್ಲಿ ಇದ್ದವರು ಮತ್ತೆ 50ಕ್ಕೆ ಬರುವವರೆಗೆ ಕಳೆದುಕೊಳ್ಳುವುದು 50+30+25+15+5, ಅಂದರೆ ಸ್ವಂತ ಹಾನಿ ಭಾಗದ (ನಮ್ಮದೇ ಕಾರಿನ ಹಾನಿಗೆ ಕಟ್ಟುವ) ಪ್ರೀಮಿಯಮ್ಮಿನ ಒಂದೂಕಾಲು ಪಟ್ಟು. ಆ ಪ್ರೀಮಿಯಂ 9,000 ಇದ್ದು ಹಾಗೇ ಉಳಿಯಿತೆಂದುಕೊಂಡರೆ 11,250 ರೂಪಾಯಿ. ಜೊತೆಗೆ ಪ್ರತಿ ಕ್ಲೇಮಿಗೆ 1500 ಸಿಸಿವರೆಗಿನ ಕಾರಿಗೆ 1,000, ಅದಕ್ಕೂ ದೊಡ್ಡದಕ್ಕೆ 2,000 ಕೈಯಿಂದ. ಹಾಗಾಗಿ ಐದಾರು ಸಾವಿರದ ಬಂಪರ್ ಕೆಲಸಕ್ಕೆ ನಾನು ಕ್ಲೇಮಿಗೆ ಹೋಗುವುದಿಲ್ಲ. ಪಾಲಿಸಿ ಮುಗಿದು 90 ದಿನ ದಾಟಿದರೆ ಕ್ಲೇಮ್ ಮಾಡದಿದ್ದರೂ ಬೋನಸ್ ಹೋಗುತ್ತದೆ. ಒಂದೇ ದಿನ ತಪ್ಪಿದರೂ ಕಾರು ತೋರಿಸಿ ಇನ್‌ಸ್ಪೆಕ್ಷನ್ ಆಗುವವರೆಗೆ ಸ್ವಂತ ಹಾನಿಗೆ ರಕ್ಷಣೆ ಇರುವುದಿಲ್ಲ.